ಕನ್ನಡಕ ತರಲು ಎದ್ದ ಅಮ್ಮನನ್ನು ಹೇಗೆ ತೋರಿಸುವುದು?

ಪ್ರಶ್ನೆ: ನನ್ನ ಮಗಳು ಪತ್ರಿಕೋದ್ಯಮದಲ್ಲಿ ಪದವಿ ಓದುತ್ತಿದ್ದಾಳೆ. ಟಿ.ವಿ. ಧಾರಾವಾಹಿಯ ಒಂದು ದೃಶ್ಯವನ್ನು ಆರಿಸಿಕೊಂಡು, ಅದರ ಶಾಟ್‌ಗಳಿಂದ ಅರ್ಥ ಹೇಗೆ ಹುಟ್ಟುತ್ತದೆ ಎಂದು ಬರೆಯಬೇಕಂತೆ. ಕ್ಲೋಸಪ್ ಎಂದರೆ ಭಾವನೆ, ಕೆಳಗಿನಿಂದ ಮೇಲಕ್ಕೆ ನೋಡುವ ಲೋ ಆ್ಯಂಗಲ್ ಎಂದರೆ ಅಧಿಕಾರ, ದೂರದಿಂದ ಇಡೀ ಜಾಗ ಕಾಣುವ ವೈಡ್ ಎಂದರೆ ಒಂಟಿತನ ಎಂದು ಒಂದು ಪಟ್ಟಿ ಮಾಡಿಕೊಂಡಿದ್ದಾಳೆ. ದಿನವೂ ಧಾರಾವಾಹಿ ನೋಡುವ ನನಗೆ ಈ ಪಟ್ಟಿ ಒಪ್ಪಿಗೆಯಾಗುತ್ತಿಲ್ಲ. ಅಲ್ಲಿ ಎಲ್ಲರಿಗೂ, ಎಲ್ಲದಕ್ಕೂ ಕ್ಲೋಸಪ್ಪೇ. ಶಾಟ್‌ಗಳಿಗೆ ನಿಜವಾಗಿ ಅರ್ಥವಿದೆಯೇ? ಒಬ್ಬರು ಒಂದು ಮಾತು ಆಡಿದರೆ ಮನೆಯವರೆಲ್ಲರ ಮುಖವನ್ನು ಮೂರು ಮೂರು ಸಲ ತೋರಿಸುವುದೇಕೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಅಂಥ ಪಟ್ಟಿ ಪರೀಕ್ಷೆಯ ಹಿಂದಿನ ರಾತ್ರಿಗೆ ಅನುಕೂಲ, ದೃಶ್ಯವನ್ನು ನೋಡುವುದಕ್ಕೆ ಅಡ್ಡಿ. ಯಾವ ಶಾಟ್‌ಗೂ ತನ್ನಷ್ಟಕ್ಕೆ ಅರ್ಥ ಇರುವುದಿಲ್ಲ. ಹಿಂದಿನ ಶಾಟ್ ಯಾವುದಿತ್ತು, ಅದು ಈ ಗಳಿಗೆಯಲ್ಲೇ ಏಕೆ ಬದಲಾಯಿತು, ಬದಲಾದಾಗ ಯಾರ ಮುಖವನ್ನು ತೋರಿಸದೆ ಬಿಟ್ಟರು ಎಂಬುದರಲ್ಲಿ ಅರ್ಥವಿರುತ್ತದೆ. ನಾನು ಧಾರಾವಾಹಿಗಳ ಸಂಕಲನಕಾರ. ಸೆಟ್ಟಿನಿಂದ ಬಂದ ಫುಟೇಜನ್ನು ಮುಂದೆ ಹರಡಿಕೊಂಡು, ಈ ದೃಶ್ಯ ಯಾರದು ಎಂದು ತೀರ್ಮಾನಿಸುವುದೇ ನನ್ನ ಕೆಲಸ. ಆ ಕಡೆಯಿಂದಲೇ ಉತ್ತರಿಸುತ್ತೇನೆ.

ಪ್ರಸಾರವಾದ ಧಾರಾವಾಹಿಯೊಂದನ್ನು ಎತ್ತಿಕೊಂಡರೆ ನೀವು ಅದನ್ನು ನೋಡಿರಬಹುದು, ನೋಡದಿರಬಹುದು. ಆದ್ದರಿಂದ ಒಂದು ದೃಶ್ಯವನ್ನು ನಾವೇ ಕಟ್ಟೋಣ. ಹಗಲು, ಮನೆಯ ಹಜಾರ. ಅಮ್ಮ ನೆಲದ ಮೇಲೆ ಕುಳಿತು, ಮೊರವನ್ನು ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಾಳೆ. ಹಿರಿಯ ಮಗ ಸೋಫಾದ ಅಂಚಿನಲ್ಲಿ ಕುಳಿತು, ಟೀಪಾಯಿಯ ಮೇಲೆ ಒಂದು ಕಾಗದ ಇಡುತ್ತಾನೆ. ಸೊಸೆ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ.

"ಅಮ್ಮ, ಇಲ್ಲೊಂದು ಸಹಿ ಹಾಕು."

"ಏನದು? ಓದಿ ಹೇಳು, ಕನ್ನಡಕ ಒಳಗಿದೆ."

"ಓದುವುದಕ್ಕೇನಿದೆ ಅಮ್ಮ, ಬ್ಯಾಂಕಿನ ಕಾಗದ."

"ಹಾಗಾದರೆ ಇರು, ಕನ್ನಡಕ ತರುತ್ತೇನೆ."

ಅಮ್ಮ ಏಳುತ್ತಾಳೆ. ದೃಶ್ಯ ಇಷ್ಟೇ. ಆ ಕಾಗದ ಮನೆಯನ್ನು ಮಗನ ಹೆಸರಿಗೆ ಮಾಡುವ ದಾನಪತ್ರ ಎಂದು ವೀಕ್ಷಕರಿಗೆ ಹಿಂದಿನ ಕಂತಿನಲ್ಲೇ ಗೊತ್ತಾಗಿದೆ ಎಂದುಕೊಳ್ಳಿ. (ದಾನಪತ್ರಕ್ಕೆ ಉಪನೋಂದಣಾಧಿಕಾರಿಯ ಮುಂದೆ ನೋಂದಣಿ ಆಗಲೇಬೇಕು, ಟೀಪಾಯಿಯ ಮೇಲಿನ ಸಹಿಯಿಂದ ಮನೆ ಕೈಬದಲಾಗುವುದಿಲ್ಲ. ಧಾರಾವಾಹಿಗಳ ಕಾನೂನು ಬೇರೆ, ಬಿಡಿ.)

ಸೆಟ್ಟಿನಲ್ಲಿ ಮೊದಲು ತೆಗೆಯುವುದು ಸಾಮಾನ್ಯವಾಗಿ ಮಾಸ್ಟರ್. ಇಡೀ ಹಜಾರ, ಮೂವರೂ ಕಾಣುವಂತೆ, ದೃಶ್ಯ ಮೊದಲಿನಿಂದ ಕೊನೆಯವರೆಗೆ. ಆಮೇಲೆ ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರ ಮುಖ ಕಾಣುವ ಶಾಟ್. ನಮ್ಮ ಸೆಟ್ಟುಗಳಲ್ಲಿ ಇದಕ್ಕೆ ಸಜೆಷನ್ ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರದೇ ಮಿಡ್, ಅಂದರೆ ಸೊಂಟದಿಂದ ಮೇಲೆ, ಮತ್ತು ಒಬ್ಬೊಬ್ಬರ ಕ್ಲೋಸ್. ಕೊನೆಗೆ ಇನ್ಸರ್ಟ್‌ಗಳು: ಕಾಗದ, ಪೆನ್ನು, ಮೊರದಲ್ಲಿ ಅಮ್ಮನ ಕೈ. ಇವೆಲ್ಲ ಇದ್ದರೆ ನನ್ನ ಮುಂದೆ ಒಂದಲ್ಲ, ನಾಲ್ಕೈದು ದೃಶ್ಯಗಳಿರುತ್ತವೆ. ಸಂಭಾಷಣೆ ಒಂದೇ, ನಟನೆ ಒಂದೇ, ಕಥೆಗಳು ಮಾತ್ರ ಬೇರೆ ಬೇರೆ.

ಕೊನೆಯ ಸಾಲನ್ನೇ ನೋಡೋಣ. "ಹಾಗಾದರೆ ಇರು, ಕನ್ನಡಕ ತರುತ್ತೇನೆ" ಎನ್ನುವಾಗ ಅಮ್ಮನ ಮುಖದ ಕ್ಲೋಸ್ ಇಟ್ಟರೆ, ವೀಕ್ಷಕರು ಆ ಮುಖದಲ್ಲಿ ಅನುಮಾನದ ಗುರುತು ಹುಡುಕುತ್ತಾರೆ. ಅವಳಿಗೆ ಗೊತ್ತೋ, ಗೊತ್ತಿಲ್ಲವೋ? ದೃಶ್ಯ ಅಮ್ಮನ ಜಾಣತನದ ಕಡೆ ವಾಲುತ್ತದೆ. ಅದೇ ಮಾತು ಕೇಳಿಸುವಾಗ ತೆರೆಯ ಮೇಲೆ ಮಗನ ಮುಖವಿದ್ದರೆ ಅಮ್ಮನ ಮನಸ್ಸು ನಮಗೆ ಮುಚ್ಚಿಹೋಗುತ್ತದೆ. ಅವನ ಗಂಟಲು ಒಣಗುವುದು ಮಾತ್ರ ಕಾಣುತ್ತದೆ. ಮೋಸಗಾರನ ಜೊತೆಯಲ್ಲಿ ನಾವೂ ಸಿಕ್ಕಿಬೀಳುವ ಭಯದಲ್ಲಿ ಕೂರುತ್ತೇವೆ. ಇಷ್ಟವಿರಲಿ ಇಲ್ಲದಿರಲಿ, ಆ ಕೆಲವು ಸೆಕೆಂಡು ನಾವು ಅವನ ಪಕ್ಷ.

ಅದೇ ಸಾಲಿಗೆ ಬಾಗಿಲಲ್ಲಿ ನಿಂತ ಸೊಸೆಯ ಮುಖ ಹಾಕಿದರೆ? ಅವಳು ದೃಶ್ಯದಲ್ಲಿ ಒಂದು ಮಾತನ್ನೂ ಆಡಿಲ್ಲ. ಮಾತಾಡದವಳಿಗೆ ಕ್ಲೋಸ್ ಕೊಟ್ಟ ಕೂಡಲೇ ಅವಳಿಗೆ ಏನೋ ಗೊತ್ತಿದೆ ಎಂದಾಗುತ್ತದೆ. ಮುಂದಿನ ಕಂತಿನಲ್ಲಿ ಅವಳು ಅತ್ತೆಗೆ ಸತ್ಯ ಹೇಳುತ್ತಾಳೋ, ಗಂಡನ ಜೊತೆ ನಿಲ್ಲುತ್ತಾಳೋ ಎಂಬ ಪ್ರಶ್ನೆ ಅಲ್ಲೇ ಏಳುತ್ತದೆ. ಬರೆದವರು ಅವಳಿಗೆ ಒಂದು ಸಾಲನ್ನೂ ಕೊಟ್ಟಿರಲಿಲ್ಲ, ಶಾಟ್ ಅವಳನ್ನು ಕಥೆಯೊಳಕ್ಕೆ ಎಳೆದುಕೊಂಡಿತು.

ನಾಲ್ಕನೆಯ ದಾರಿಯೂ ಇದೆ, ನನಗೆ ತುಂಬ ಇಷ್ಟವಾದದ್ದು. ಮೊದಲ ಮೂರು ಸಾಲುಗಳನ್ನು ಮಿಡ್ ಮತ್ತು ಕ್ಲೋಸ್‌ಗಳಲ್ಲಿ ನಡೆಸಿ, ಅಮ್ಮ ಏಳುವ ಹೊತ್ತಿಗೆ ಮಾಸ್ಟರ್‌ಗೆ ಹೋಗುವುದು. ಆಗ ಅವಳು ಮೊರ ಸರಿಸಿ, ಮೊಣಕಾಲಿಗೆ ಕೈಕೊಟ್ಟು, ನಿಧಾನವಾಗಿ ಎದ್ದು, ಹಜಾರವನ್ನು ದಾಟಿ ಕೋಣೆಗೆ ಹೋಗುವಷ್ಟೂ ದೂರ ತೆರೆಯ ಮೇಲೆ ಇರುತ್ತದೆ. ಮಗ ಕದಲದೆ ಕುಳಿತಿರುತ್ತಾನೆ, ಸೊಸೆ ದಾರಿ ಬಿಡಲು ಅರ್ಧ ಹೆಜ್ಜೆ ಸರಿಯುತ್ತಾಳೆ. ಮೂವರ ನಡುವಿನ ಜಾಗವೇ ಕಣ್ಣಿಗೆ ಬೀಳುತ್ತದೆ. ಅವಳು ಇಷ್ಟು ವರ್ಷ ಓಡಾಡಿದ ಮನೆ ಅದು, ಕಾಗದದಲ್ಲಿರುವುದೂ ಅದೇ ಮನೆ. ಇಲ್ಲಿ ವೈಡ್ ಶಾಟ್ ಒಂಟಿತನವನ್ನು ಹೇಳುತ್ತಿಲ್ಲ, ಆಸ್ತಿಯನ್ನು ತೋರಿಸುತ್ತಿದೆ. ದೃಶ್ಯ ಮೊದಲಿನಿಂದಲೂ ವೈಡ್‌ನಲ್ಲೇ ಇದ್ದಿದ್ದರೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಹತ್ತಿರ ಕೂರಿಸಿಕೊಂಡು ಇದ್ದಕ್ಕಿದ್ದಂತೆ ದೂರ ತಳ್ಳಿದ್ದರಿಂದಲೇ ಅದು ತಟ್ಟುತ್ತದೆ. ಮಗಳ ಪಟ್ಟಿಯಲ್ಲಿ ಈ ಬದಲಾವಣೆಗೇ ಜಾಗವಿಲ್ಲ.

ಪಕ್ಕದ ಶಾಟ್‌ನಿಂದ ಮುಖಕ್ಕೆ ಅರ್ಥ ಅಂಟಿಕೊಳ್ಳುತ್ತದೆ ಎಂಬುದನ್ನು ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೊವ್ 1920ರ ಆಸುಪಾಸಿನಲ್ಲೇ ತೋರಿಸಿದ್ದರು. ನಟನೊಬ್ಬನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರು. ಒಂದರಲ್ಲಿ ಹಸಿವನ್ನೂ ಇನ್ನೊಂದರಲ್ಲಿ ದುಃಖವನ್ನೂ ಕಂಡ ಪ್ರೇಕ್ಷಕರು ನಟನನ್ನು ಹೊಗಳಿದರಂತೆ. ಸಂಕಲನಕಾರರ ದಿನದ ಕೂಲಿ ನಡೆಯುವುದೇ ಇದರ ಮೇಲೆ. ಸೊಸೆಯ ಪಾತ್ರಧಾರಿ ನಿರ್ದೇಶಕರು ಕಟ್ ಹೇಳುವುದನ್ನು ಕಾಯುತ್ತಾ ಸುಮ್ಮನೆ ನಿಂತಿದ್ದ ಎರಡು ಸೆಕೆಂಡನ್ನು ಎತ್ತಿಕೊಂಡು ಬಂದು, ಅದನ್ನೇ ಅಪರಾಧಿ ಪ್ರಜ್ಞೆಯಾಗಿ ಬಳಸಿದ್ದುಂಟು. ಯಾರೂ ಪತ್ತೆ ಹಚ್ಚಲಿಲ್ಲ, ಆಕೆಯೂ ಸೇರಿ.

ಇನ್ನು ಕ್ಲೋಸಪ್. ಅದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ಮನುಷ್ಯರು ತಮ್ಮ ನಡುವೆ ಇಟ್ಟುಕೊಳ್ಳುವ ಅಂತರಗಳನ್ನು ಅಳೆದು ವಿಂಗಡಿಸಿದರು. ಅವರು ಗಮನಿಸಿದ ಅಮೆರಿಕನ್ನರಲ್ಲಿ ಸುಮಾರು 45 ಸೆಂಟಿಮೀಟರಿನೊಳಗೆ ಬರುವುದು ತೀರ ಆಪ್ತರು ಮಾತ್ರ. ಪರಿಚಯದ ವ್ಯವಹಾರವೆಲ್ಲ 4 ಅಡಿಯಿಂದ 12 ಅಡಿ ದೂರದಲ್ಲಿ. ಊರಿಂದೂರಿಗೆ ಅಳತೆ ಬದಲಾಗುತ್ತದೆ, ಬಸ್ಸಿನಲ್ಲಿ ನಮ್ಮ ಅಳತೆ ಬೇರೆಯೇ. ಆದರೆ ಒಂದು ಮುಖ ಕಣ್ಣಿನ ತುಂಬ ಕಾಣುವಷ್ಟು ಹತ್ತಿರ ಬರುವುದು ಮುದ್ದಿಸುವಾಗ, ಗುಟ್ಟು ಹೇಳುವಾಗ, ಇಲ್ಲವೇ ಜಗಳ ಕೈಮೀರಿದಾಗ ಎಂಬುದು ಎಲ್ಲ ಕಡೆಯೂ ನಿಜ. ಕ್ಲೋಸಪ್ಪು ಆ ಅಂತರವನ್ನು ಕೇಳದೆಯೇ ದಾಟಿಬಿಡುತ್ತದೆ. ಅಪರಿಚಿತನೊಬ್ಬನ ಉಸಿರು ತಾಗುವಷ್ಟು ಹತ್ತಿರ ನಮ್ಮನ್ನು ನಿಲ್ಲಿಸುತ್ತದೆ. ದೃಶ್ಯದಲ್ಲಿ ಒಂದೇ ಒಂದು ಸಲ ಹೀಗಾದರೆ ನಾವು ಉಸಿರು ಹಿಡಿಯುತ್ತೇವೆ. ಇಪ್ಪತ್ತು ಸಲ ಆದರೆ ಆ ಅಂತರವೇ ಮಾಮೂಲಾಗಿ, ಮುಖ ಬರೀ ಮಾತಾಡುವ ಯಂತ್ರವಾಗುತ್ತದೆ. ಧಾರಾವಾಹಿಯಲ್ಲಿ ಎಲ್ಲರಿಗೂ ಕ್ಲೋಸಪ್ ಎಂದು ನೀವು ಹೇಳಿದ್ದು ಈ ಸವೆತವನ್ನೇ.

ಅದರಲ್ಲೂ ಒಂದು ಸೂಕ್ಷ್ಮವಿದೆ. ಎಲ್ಲ ಕ್ಲೋಸಪ್ಪುಗಳೂ ಹತ್ತಿರ ಹೋಗಿ ತೆಗೆದವಲ್ಲ. ಎರಡು ಮೂರು ಕ್ಯಾಮೆರಾಗಳು ಒಟ್ಟಿಗೆ ಓಡುವ ಸೆಟ್ಟಿನಲ್ಲಿ ಒಂದು ಕ್ಯಾಮೆರಾ ನಟರ ಹತ್ತಿರ ಹೋದರೆ ಇನ್ನೊಂದರ ಚೌಕಟ್ಟಿನೊಳಗೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಎಲ್ಲವೂ ದೂರದಲ್ಲೇ ನಿಂತು, ಝೂಮ್ ಲೆನ್ಸಿನಿಂದ ಮುಖವನ್ನು ಎಳೆದುಕೊಳ್ಳುತ್ತವೆ. ಆಗ ಮುಖ ದೊಡ್ಡದಾಗುತ್ತದೆ, ಹಿಂದಿನ ಗೋಡೆ ಮಸುಕಾಗಿ ಮುಖಕ್ಕೆ ಅಂಟಿಕೊಂಡಂತೆ ಕಾಣುತ್ತದೆ, ಆದರೆ ನಾವು ಹತ್ತಿರ ಬಂದ ಅನುಭವ ಆಗುವುದಿಲ್ಲ. ಅದೇ ಕ್ಯಾಮೆರಾವನ್ನು ಮುಖದಿಂದ ಎರಡೇ ಅಡಿ ದೂರಕ್ಕೆ ಒಯ್ದು ಅಗಲದ ಲೆನ್ಸಿನಲ್ಲಿ ತೆಗೆದರೆ ಮೂಗು ಸ್ವಲ್ಪ ಮುಂದೆ ಬರುತ್ತದೆ, ಕಿವಿ ಹಿಂದೆ ಸರಿಯುತ್ತದೆ, ಬೆನ್ನ ಹಿಂದಿನ ಕೋಣೆ ಆಳವಾಗುತ್ತದೆ. ಮುಖದ ಗಾತ್ರ ಒಂದೇ. ಮೊದಲನೆಯದರಲ್ಲಿ ನಾವು ನೋಡುವವರು, ಎರಡನೆಯದರಲ್ಲಿ ಪಕ್ಕದಲ್ಲಿ ಕುಳಿತವರು. ಈ ವ್ಯತ್ಯಾಸ ಲೆನ್ಸಿನಿಂದ ಬಂದದ್ದು ಎನ್ನುತ್ತಾರೆ, ನಿಜವಾಗಿ ಅದು ಬಂದದ್ದು ಕ್ಯಾಮೆರಾ ನಿಂತ ದೂರದಿಂದ. ಸಜೆಷನ್ ಶಾಟ್ ಮತ್ತು ಒಂಟಿ ಕ್ಲೋಸ್ ನಡುವೆಯೂ ಇಂಥದ್ದೇ ವ್ಯತ್ಯಾಸ. ಮಗನ ಭುಜ ಚೌಕಟ್ಟಿನಲ್ಲಿ ಇರುವಷ್ಟು ಹೊತ್ತು ಅವರಿಬ್ಬರೂ ಮಾತಿನಲ್ಲಿ ಸೇರಿರುತ್ತಾರೆ. "ಬ್ಯಾಂಕಿನ ಕಾಗದ" ಎಂಬ ಸುಳ್ಳಿನ ಜಾಗದಲ್ಲಿ ಭುಜವನ್ನು ತೆಗೆದು ಇಬ್ಬರಿಗೂ ಪ್ರತ್ಯೇಕ ಕ್ಲೋಸ್ ಕೊಟ್ಟರೆ ಸಂಬಂಧ ಅಲ್ಲಿ ಕಡಿದ ಹಾಗೆ. ಇದನ್ನು ವೀಕ್ಷಕರು ಹೆಸರಿಟ್ಟು ಗುರುತಿಸುವುದಿಲ್ಲ, ಆದರೆ ಅವರಿಗೆ ಅದು ತಿಳಿಯುತ್ತದೆ.

ಲೋ ಆ್ಯಂಗಲ್ ವಿಚಾರಕ್ಕೆ ಬರುತ್ತೇನೆ. ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂಬುದು ಒಂದು, ಅದು ಮೇಲಕ್ಕೆ ಮುಖ ಮಾಡಿದೆಯೋ ನೇರ ನೋಡುತ್ತಿದೆಯೋ ಎಂಬುದು ಇನ್ನೊಂದು. ಪಠ್ಯಗಳು ಎರಡನ್ನೂ ಕಲಸುತ್ತವೆ. ಜಪಾನಿನ ನಿರ್ದೇಶಕ ಯಾಸುಜಿರೊ ಒಝು ಕ್ಯಾಮೆರಾವನ್ನು ಚಾಪೆಯ ಮೇಲೆ ಕುಳಿತವರ ಕಣ್ಣಿಗಿಂತಲೂ ಕೆಳಗೆ ಇಡುತ್ತಿದ್ದರು. ಅಲ್ಲಿ ಯಾರೂ ಸರ್ವಾಧಿಕಾರಿಯಂತೆ ಕಾಣುವುದಿಲ್ಲ, ನಾವೂ ಆ ಮನೆಯ ನೆಲದ ಮೇಲೆ ಕುಳಿತಂತಾಗುತ್ತದೆ ಅಷ್ಟೆ. ನೆಲದ ಮೇಲೆ ಕೂರುವ ನಮ್ಮ ಮನೆಗಳಿಗೂ ಇದು ಚೆನ್ನಾಗಿ ಹೊಂದುತ್ತದೆ. ನಮ್ಮ ದೃಶ್ಯದಲ್ಲಿ ಅಮ್ಮ ನೆಲದ ಮೇಲೆ, ಮಗ ಸೋಫಾದಲ್ಲಿ. ಕ್ಯಾಮೆರಾ ಅಮ್ಮನ ಕಣ್ಣಿನ ಮಟ್ಟದಲ್ಲಿ ನಿಂತು ಮಗನನ್ನು ನೋಡಿದರೆ ಅವನು ಎತ್ತರವಾಗಿ, ಚಾವಣಿಯ ಫ್ಯಾನಿನ ಜೊತೆಗೆ ಕಾಣುತ್ತಾನೆ. ಹಾಗೆಂದು ಅದು ಅವನ ಅಧಿಕಾರವಲ್ಲ. ಅವಳು ಅವನನ್ನು ನೋಡುವ ರೀತಿ ಅದು, ಮತ್ತು ಕ್ಯಾಮೆರಾ ಅವಳ ಪಕ್ಕ ಕುಳಿತಿದೆ ಎಂಬುದರ ಸೂಚನೆ. ಅವಳು ಕನ್ನಡಕಕ್ಕೆಂದು ಎದ್ದು ನಿಂತ ಕೂಡಲೇ ಲೆಕ್ಕ ತಲೆಕೆಳಗಾಗುತ್ತದೆ: ಈಗ ತಲೆ ಎತ್ತಿ ನೋಡಬೇಕಾದವನು ಅವನು. ನಿರ್ದೇಶಕರು ಬುದ್ಧಿವಂತರಾಗಿದ್ದರೆ ಆ ಒಂದು ಏಳುವಿಕೆಗಾಗಿಯೇ ಅವಳನ್ನು ಮೊದಲು ನೆಲದ ಮೇಲೆ ಕೂರಿಸಿರುತ್ತಾರೆ.

ಇನ್ಸರ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಗದದಲ್ಲಿ ಸಹಿ ಹಾಕಬೇಕಾದ ಜಾಗಕ್ಕೆ ಪೆನ್ಸಿಲ್ಲಿನಿಂದ ಹಾಕಿದ ಇಂಟು ಗುರುತನ್ನು ಎರಡು ಸೆಕೆಂಡು ತೋರಿಸಿದರೆ, ಇದು ಅವಸರದಲ್ಲಿ ತಂದ ಕಾಗದವಲ್ಲ, ಮೊದಲೇ ತಯಾರಾದದ್ದು ಎಂದು ಗೊತ್ತಾಗುತ್ತದೆ. ಆಮೇಲೆ ಅದನ್ನು ಸಂಭಾಷಣೆಯಲ್ಲಿ ಹೇಳಿಸಿದರೆ ಎರಡೂ ಹಾಳು.

ಈಗ ನಿಮ್ಮ ಕೊನೆಯ ಪ್ರಶ್ನೆ: ಆ ಮೂರು ಮೂರು ಸಲದ ಮುಖಗಳು. ಇದಕ್ಕೆ ಕಲೆಯ ಕಾರಣಕ್ಕಿಂತ ಗಡಿಯಾರದ ಕಾರಣ ದೊಡ್ಡದು. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಒಂದು ಕಂತಿಗೆ ಸಿಗುವುದು ಸುಮಾರು 22 ನಿಮಿಷ. ವಾರಕ್ಕೆ ಐದಾರು ಕಂತು ಹೋಗಲೇಬೇಕು. ಕೂಡುಕುಟುಂಬದ ಹಜಾರದಲ್ಲಿ ಎಂಟು ಜನ ನಿಂತಿದ್ದಾರೆ ಎನ್ನಿ. ಒಬ್ಬೊಬ್ಬರಿಗೆ ಮೂರು ಸೆಕೆಂಡು, ಮೂರು ಸುತ್ತು. ಒಂದು ಸಾಲು ಸಂಭಾಷಣೆಯೂ ಬರೆಯದೆ 72 ಸೆಕೆಂಡು ತುಂಬಿತು. ಕಥೆ ಮುಂದೆ ಹೋಗಲಿಲ್ಲ, ಅಂದರೆ ನಾಳೆಗೂ ಉಳಿಯಿತು. ನಿರ್ಮಾಪಕರಿಗೆ ಇದಕ್ಕಿಂತ ಅಗ್ಗದ ನಿಮಿಷ ಇನ್ನೊಂದಿಲ್ಲ. ಬೆಳಕು ಕೂಡ ಇದಕ್ಕೇ ಸಿದ್ಧವಾಗಿರುತ್ತದೆ: ಯಾವ ಕಡೆಯಿಂದ ತೆಗೆದರೂ ಮುಖ ಕಾಣಬೇಕೆಂದು ಹಜಾರವನ್ನೆಲ್ಲ ಒಂದೇ ಸಮನೆ ಬೆಳಗಿಸಿರುತ್ತಾರೆ. ಹಾಗೆ ಬೆಳಗಿದ ಮನೆಯಲ್ಲಿ ಒಳ್ಳೆಯವರು, ಕೆಟ್ಟವರು, ಸತ್ತವರ ಫೋಟೋ ಎಲ್ಲಕ್ಕೂ ಒಂದೇ ಬೆಳಕು.

ಇನ್ನೊಂದು ಕಾರಣ ನೋಡುವವರ ಕಡೆಯಿಂದ. ಸಂಜೆಯ ಧಾರಾವಾಹಿಯನ್ನು ಎಷ್ಟೋ ಮನೆಗಳಲ್ಲಿ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಒಬ್ಬರು ಚಪಾತಿ ಲಟ್ಟಿಸುತ್ತಾ, ಒಬ್ಬರು ಹೋಂವರ್ಕ್ ಮಾಡಿಸುತ್ತಾ ಇರುತ್ತಾರೆ. ಢಣ್ ಎಂಬ ಸದ್ದಿನ ಜೊತೆ ಒಂದು ಮುಖ ತೆರೆಗೆ ಬಡಿಯುವುದು ಅವರ ಕತ್ತನ್ನು ಟಿ.ವಿ. ಕಡೆ ತಿರುಗಿಸುವುದಕ್ಕೆ. ಮೊದಲ ಸಲ ತಪ್ಪಿದರೆ ಇರಲಿ ಎಂದು ಎರಡನೆಯದು, ಮೂರನೆಯದು. 2000ದ ನಂತರದ ಹಿಂದಿ ದೈನಿಕ ಧಾರಾವಾಹಿಗಳಲ್ಲಿ ಇದು ರೂಢಿಯಾಗಿ ಬೇರೂರಿತು, ದಕ್ಷಿಣದ ವಾಹಿನಿಗಳೂ ಧಾರಾಳವಾಗಿ ತೆಗೆದುಕೊಂಡವು. ಹೀಗೆ ಬರುವ ಎಂಟು ಮುಖಗಳಲ್ಲಿ ಏಳಕ್ಕೆ ಹೇಳುವುದು ಏನೂ ಇರುವುದಿಲ್ಲ. ಆದರೂ ಒಂದಕ್ಕೆ ಇರಬಹುದು. ಎಲ್ಲರೂ ಗಾಬರಿಯಾಗಿರುವಾಗ ಒಬ್ಬಳು ಮಾತ್ರ ಕಣ್ಣು ತಗ್ಗಿಸಿದರೆ ಆ ಸಾಲಿನಲ್ಲಿ ಅವಳ ಶಾಟ್ ಒಂದೇ ನಿಜವಾದ ಶಾಟ್. ಹುಡುಕುವುದಾದರೆ ಅದನ್ನು ಹುಡುಕಬೇಕು.

ದೂರದರ್ಶನದ ದಿನಗಳಲ್ಲಿ ಹೀಗಿರಲಿಲ್ಲ ಎಂದು ಹಳಬರು ಹೇಳುವುದರಲ್ಲಿ ಅರ್ಧ ಸತ್ಯವಿದೆ. 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಶಂಕರ್ ನಾಗ್ ಆಗುಂಬೆಯಲ್ಲಿ ಮಾಲ್ಗುಡಿಯನ್ನು ಕಟ್ಟಿದಾಗ ಛಾಯಾಗ್ರಾಹಕರಾಗಿದ್ದವರು ಎಸ್. ರಾಮಚಂದ್ರ, ಸಿನಿಮಾದಿಂದ ಬಂದವರು. ಅಲ್ಲಿ ಬೀದಿಯನ್ನೂ ಜಗುಲಿಯನ್ನೂ ಮನೆಯ ಒಳಗಿನ ಕಂಬಗಳನ್ನೂ ನೋಡಲು ವೀಕ್ಷಕರಿಗೆ ಸಮಯ ಸಿಗುತ್ತಿತ್ತು. ವಾರಕ್ಕೆ ಐದಾರು ಕಂತು ಕೊಡಬೇಕಾದ ಒತ್ತಡ ಅವರಿಗಿರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಅಂದಿನ ತೆರೆ 4:3, ಹೆಚ್ಚುಕಡಿಮೆ ಚೌಕ. ಒಂದು ಮುಖ ಇಟ್ಟರೆ ತುಂಬಿಹೋಗುತ್ತಿತ್ತು. ಇಂದಿನದು 16:9. ಅದೇ ಮುಖ ಇಟ್ಟರೆ ಪಕ್ಕದಲ್ಲಿ ಜಾಗ ಉಳಿಯುತ್ತದೆ, ಆ ಜಾಗವನ್ನು ಏನು ಮಾಡುತ್ತಾರೆ ಎಂಬುದರಲ್ಲಿ ಛಾಯಾಗ್ರಾಹಕರ ಕಸುಬು ಗೊತ್ತಾಗುತ್ತದೆ. ಮಗನ ಕ್ಲೋಸ್‌ನಲ್ಲಿ ಉಳಿದ ಜಾಗದಲ್ಲಿ ಕೋಣೆಯ ಬಾಗಿಲು ಮಸುಕಾಗಿ ಕಂಡರೆ, ಅಮ್ಮ ಯಾವಾಗ ಆ ಬಾಗಿಲಿನಿಂದ ಹೊರಬರುತ್ತಾಳೋ ಎಂದು ನಾವೂ ಅವನ ಜೊತೆ ಕಾಯುತ್ತೇವೆ. ಅಲ್ಲಿ ಹೂದಾನಿ ಇಟ್ಟಿದ್ದರೆ ಅದು ಹೂದಾನಿ, ಅಷ್ಟೇ. ಈಗ ಮೊಬೈಲಿನಲ್ಲಿ ಕಂತು ನೋಡುವವರಿಗಾಗಿ ಮತ್ತೆ ಮುಖವೇ ಮೇಲಾಗುತ್ತಿದೆ, ಏಕೆಂದರೆ ಅಂಗೈಯಗಲದ ತೆರೆಯಲ್ಲಿ ಹಜಾರ ದಾಟುವ ಅಮ್ಮ ಬೆರಳುದ್ದವೂ ಇರುವುದಿಲ್ಲ.

ಕ್ಯಾಮೆರಾದ ಚಲನೆಗೂ ಇದೇ ಮಾತು ಅನ್ವಯ. ಟ್ರಾಲಿಯ ಮೇಲೆ ನಿಧಾನವಾಗಿ ಮುಖದ ಕಡೆ ಸರಿಯುವುದು ಪಾತ್ರಕ್ಕೆ ಏನೋ ಹೊಳೆಯುತ್ತಿದೆ ಎಂದು ಸೂಚಿಸುವ ಹಳೆಯ ಉಪಾಯ, ಮಿತವಾಗಿ ಬಳಸಿದರೆ ಈಗಲೂ ನಡೆಯುತ್ತದೆ. ಹೊಳೆಯುವಂಥದ್ದು ಏನೂ ಇಲ್ಲದ ದೃಶ್ಯದಲ್ಲಿ ಟ್ರಾಲಿ ಓಡಾಡುತ್ತಿದ್ದರೆ, ಬಾಡಿಗೆಗೆ ತಂದದ್ದನ್ನು ಬಳಸುತ್ತಿದ್ದಾರೆ ಎಂದು ತಿಳಿಯಿರಿ.

ಮಗಳಿಗೆ ಹೇಳಿ: ಪಟ್ಟಿಯನ್ನು ಪಕ್ಕಕ್ಕಿಟ್ಟು ಎರಡು ಮೂರು ನಿಮಿಷದ ಒಂದು ದೃಶ್ಯ ಆರಿಸಿಕೊಳ್ಳಲಿ. ಮೊದಲು ಸದ್ದು ಪೂರ್ತಿ ಅಡಗಿಸಿ ನೋಡಲಿ. ಮಾತು ಇಲ್ಲದಾಗ ಯಾರ ಮೇಲೆ ಕ್ಯಾಮೆರಾ ಹೆಚ್ಚು ಹೊತ್ತು ನಿಂತಿದೆ ಎಂಬುದು ತಾನಾಗಿ ಕಾಣುತ್ತದೆ. ಆಮೇಲೆ ಸದ್ದಿನೊಂದಿಗೆ ನೋಡಿ, ಮಾತಾಡುವವರ ಬದಲು ಕೇಳುವವರ ಮುಖ ಬಂದ ಜಾಗಗಳನ್ನು ಮಾತ್ರ ಗುರುತು ಹಾಕಿಕೊಳ್ಳಲಿ. ಶಾಟ್‌ನ ಅಳತೆ ಇದ್ದಕ್ಕಿದ್ದಂತೆ ಬದಲಾದ ಒಂದು ಜಾಗವನ್ನೂ ಹಿಡಿಯಲಿ. ಬರೆಯುವಾಗ ಎಲ್ಲ ಶಾಟ್‌ಗಳನ್ನೂ ವಿವರಿಸುವ ಗೊಡವೆ ಬೇಡ. ಅರ್ಧಕ್ಕರ್ಧ ಶಾಟ್‌ಗಳು ಕೇವಲ ಮಾತು ಕೇಳಿಸುವುದಕ್ಕಾಗಿ ಇರುತ್ತವೆ, ಹಾಗೆಂದೇ ಬರೆದರೂ ತಪ್ಪಿಲ್ಲ. ಮುಖ್ಯವಾದ ಎರಡು ಮೂರು ಬದಲಾವಣೆಗಳನ್ನು ಎತ್ತಿಕೊಂಡು, ಅಲ್ಲಿ ಬೇರೆ ಯಾವ ಶಾಟ್ ಹಾಕಬಹುದಿತ್ತು, ಹಾಕಿದ್ದರೆ ದೃಶ್ಯ ಯಾರ ಕಡೆ ವಾಲುತ್ತಿತ್ತು ಎಂದು ವಾದಿಸಲಿ. "ಇಲ್ಲಿ ಕ್ಲೋಸಪ್ ಇದೆ, ಆದ್ದರಿಂದ ಭಾವನೆ ಇದೆ" ಎಂಬ ವಾಕ್ಯ ಎಲ್ಲಾದರೂ ಬಂದಿದ್ದರೆ ಹೊಡೆದುಹಾಕಿ, ಅದರ ಜಾಗದಲ್ಲಿ ಆ ಕ್ಲೋಸಪ್ಪಿಗಿಂತ ಮೊದಲು ತೆರೆಯ ಮೇಲೆ ಏನಿತ್ತು ಎಂದು ಬರೆಯಲಿ.